ಡಿಯರ್‌ಬರ್ನಿನ ಸದ್ದಿಲ್ಲದ ಗಾಡಿಗಳು

ಅಮೆರಿಕ ದೇಶದ ಮಿಷಿಗನ್ ಪ್ರಾಂತ್ಯದಲ್ಲಿ, ಡೆಟ್ರಾಯಿಟ್ ಪಟ್ಟಣಕ್ಕೆ ಅಂಟಿಕೊಂಡಂತೆ ಡಿಯರ್‌ಬರ್ನ್ ಎಂಬ ಊರಿದೆ. ಪೆಟ್ರೋಲು ಗಾಡಿಯನ್ನು ಶ್ರೀಮಂತರ ಅಂಗಳದಿಂದ ಸಾಮಾನ್ಯನ ಬಾಗಿಲಿಗೆ ತಂದ ಹೆನ್ರಿ ಫೋರ್ಡರ ಊರು ಇದು. ಅವರ ಕಾರ್ಖಾನೆ, ಅವರ ಮನೆ, ಅವರು ಕಟ್ಟಿಸಿದ ವಸ್ತುಸಂಗ್ರಹಾಲಯ ಎಲ್ಲವೂ ಇಲ್ಲಿಯೇ ಇವೆ. ಇಂತಹ ಊರಿಗೆ ಹೋದವರು ಪೆಟ್ರೋಲಿನ ವಿಜಯಗಾಥೆಯನ್ನೇ ಕೇಳುವೆವೆಂದು ಎಣಿಸುವುದು ಸಹಜ. ನಮ್ಮ ಕಾಲನ್ನು ಕಟ್ಟಿ ನಿಲ್ಲಿಸಿದುದಾದರೋ ಒಂದು ವಿದ್ಯುತ್ ಗಾಡಿ.

ಸಂಗ್ರಹಾಲಯವು 1929ರಲ್ಲಿ ಸಮರ್ಪಿತವಾಯಿತು. ಅದರ ಮುಖಭಾಗವು ಫಿಲಡೆಲ್ಫಿಯದ ಸ್ವಾತಂತ್ರ್ಯ ಭವನದ ಪ್ರತಿಕೃತಿ. ಒಳಗೆ ಎಕರೆಗಟ್ಟಲೆ ತೇಗದ ಹಲಗೆಯ ನೆಲ. ನಡೆದು ನಡೆದು ಕಾಲು ಸೋಲಬೇಕಲ್ಲದೆ ನೋಡತಕ್ಕ ವಸ್ತುಗಳು ಮುಗಿಯುವಂತಿಲ್ಲ. ಉಗಿಬಂಡಿಗಳನ್ನೂ ವಿಮಾನಗಳನ್ನೂ ದಾಟಿ ಮೋಟಾರು ಗಾಡಿಗಳ ಸಾಲಿಗೆ ಬಂದಾಗ, ಎತ್ತರವಾದ, ಸುತ್ತಲೂ ಗಾಜಿನ ಕಿಟಕಿಗಳುಳ್ಳ, ಪಲ್ಲಕ್ಕಿಯನ್ನು ಹೋಲುವ ಕಪ್ಪನೆಯ ಗಾಡಿಯೊಂದು ಕಂಡಿತು. 1914ರದು; ‘ಡೆಟ್ರಾಯಿಟ್ ಎಲೆಕ್ಟ್ರಿಕ್’ ಎಂದು ಹೆಸರು. ಅದರ ಒಡತಿ ಯಾರೆಂದು ಓದಿದಾಗ ನಮಗೆ ನಗು ತಡೆಯಲಿಲ್ಲ: ಶ್ರೀಮತಿ ಕ್ಲಾರಾ ಫೋರ್ಡರು, ಹೆನ್ರಿ ಫೋರ್ಡರ ಧರ್ಮಪತ್ನಿ! ಪತಿಯ ಕಾರ್ಖಾನೆಯಲ್ಲಿ ಪೆಟ್ರೋಲಿನ ‘ಮಾಡೆಲ್ ಟಿ’ ಗಾಡಿಗಳು ಲಕ್ಷಗಟ್ಟಲೆ ಹೊರಡುತ್ತಿದ್ದ ದಿನಗಳಲ್ಲಿ ಆಕೆ ಬೇರೊಂದು ಕಂಪನಿಯ ವಿದ್ಯುತ್ ಗಾಡಿಯನ್ನು ನಡೆಸುತ್ತಿದ್ದರು. 1930ರ ದಶಕದವರೆಗೂ ಅದನ್ನು ಬಿಡಲಿಲ್ಲ. ಗಾಣಿಗನ ಮನೆಯಲ್ಲಿ ತುಪ್ಪದ ದೀಪ ಉರಿದಂತಾಯಿತಷ್ಟೆ.

ಆಕೆಯ ಆಯ್ಕೆಯಲ್ಲಿ ವಿವೇಕವಿತ್ತೆಂಬುದು ಅಂದಿನ ಪೆಟ್ರೋಲು ಗಾಡಿಯನ್ನು ಬಲ್ಲವರಿಗೆ ತಿಳಿದೀತು. ಅದನ್ನು ಹೊರಡಿಸಬೇಕಾದರೆ ಮುಂದೆ ನಿಂತು ಕಬ್ಬಿಣದ ಹಿಡಿಯನ್ನು ಬಲವಾಗಿ ತಿರುವಬೇಕು. ಎಂಜಿನು ಹಿಂದಕ್ಕೆ ಒದೆದರೆ ಕೈ ಮುರಿಯುವುದೂ ಉಂಟು. ಮೇಲೆ ಹೊಗೆ, ನಾತ, ಗದ್ದಲ. ವಿದ್ಯುತ್ ಗಾಡಿಯಲ್ಲಿ ಇದಾವುದೂ ಇಲ್ಲ. ಒಳಗೆ ಕುಳಿತು ಸನ್ನೆಯನ್ನು ಸರಿಸಿದರಾಯಿತು, ಗಾಡಿ ಮೌನವಾಗಿ ಮುಂದೆ ಸಾಗುವುದು. ಚಕ್ರದ ಬದಲು ಉದ್ದನೆಯ ಹಿಡಿಯಿಂದ ದಾರಿ ತಿರುಗಿಸುವುದು. ಒಳಗಣ ಏರ್ಪಾಡು ಮನೆಯ ನಡುಕೋಣೆಯಂತೆ. ಕುಳಿತವರು ಮುಖಾಮುಖಿಯಾಗಿ ಮಾತನಾಡಬಹುದು. ಒಮ್ಮೆ ಬ್ಯಾಟರಿ ತುಂಬಿದರೆ ಸುಮಾರು 80 ಮೈಲಿ ಓಡುತ್ತಿತ್ತು. ಊರೊಳಗೆ ಓಡಾಡುವ ಗೃಹಿಣಿಗೆ ಇದಕ್ಕಿಂತ ಹೆಚ್ಚೇನು ಬೇಕು? 1900ರ ಸುಮಾರಿಗೆ ಅಮೆರಿಕದ ರಸ್ತೆಗಳಲ್ಲಿದ್ದ ಗಾಡಿಗಳಲ್ಲಿ ಮೂರರಲ್ಲೊಂದು ಪಾಲು ವಿದ್ಯುತ್ತಿನವೇ ಆಗಿದ್ದುವೆಂಬುದನ್ನು ಇಂದಿನವರು ಮರೆತಿದ್ದಾರೆ.

ಅದು ಸೋತುದೇಕೆ? ಊರಾಚೆ ವಿದ್ಯುಚ್ಛಕ್ತಿ ಇರಲಿಲ್ಲ, ಬೆಲೆಯೂ ಹೆಚ್ಚು. ಫೋರ್ಡರಾದರೋ 850 ಡಾಲರಿನ ಗಾಡಿಯನ್ನು 1925ರ ವೇಳೆಗೆ 260 ಡಾಲರಿಗೆ ಇಳಿಸಿದರು. ಇವಲ್ಲದೆ ಇನ್ನೊಂದು ಕಾರಣ ನಮಗೆ ಮುಖ್ಯವಾಗಿ ತೋರುವುದು. ತಯಾರಕರು ಇದನ್ನು ‘ಹೆಂಗಸರ ಗಾಡಿ’ ಎಂದು ಸಾರಿ ಮಾರಿದರು. ಹಾಗೆ ಹೆಸರು ಬಿದ್ದ ಮೇಲೆ ಗಂಡಸರು ಅದನ್ನು ಮುಟ್ಟಲು ನಾಚಿದರು. ಶುಚಿತ್ವವೂ ಸುಲಭತೆಯೂ ಅಬಲೆಯರಿಗೆ ಮಾತ್ರ ಬೇಕಾದ ಗುಣಗಳೆಂದು ಗಂಡಸರು ಬಗೆದುದು ಎಷ್ಟು ವಿಚಿತ್ರ! ವಿನೋದವೇನೆಂದರೆ, 1912ರ ಕ್ಯಾಡಿಲಾಕ್ ಗಾಡಿಗೆ ಚಾರ್ಲ್ಸ್ ಕೆಟರಿಂಗ್ ಎಂಬವರು ಎಂಜಿನನ್ನು ಹೊರಡಿಸುವ ಒಂದು ಪುಟ್ಟ ವಿದ್ಯುತ್ ಮೋಟಾರನ್ನು ಅಳವಡಿಸಿದರು. ಆ ಬಳಿಕ ಹಿಡಿ ತಿರುವುವ ಕಷ್ಟ ತಪ್ಪಿತು. ಎದುರಾಳಿಯ ಗುಣವನ್ನೇ ಕಡ ತಂದು ಪೆಟ್ರೋಲು ಗಾಡಿ ಗೆದ್ದಿತೆನ್ನಬೇಕು. ‘ಡೆಟ್ರಾಯಿಟ್ ಎಲೆಕ್ಟ್ರಿಕ್’ 1939ರಲ್ಲಿ ನಿಂತುಹೋಯಿತು.

ಅದೇ ಸಂಗ್ರಹಾಲಯದಲ್ಲಿ ಜನರಲ್ ಮೋಟರ್ಸ್ ಕಂಪನಿಯ ‘ಇವಿ1’ ಎಂಬ ಗಾಡಿಯೂ ಇದೆ. ನೀರಿನ ಹನಿಯಂತಹ ಆಕಾರ. ಗಾಳಿಯನ್ನು ಸೀಳಿಕೊಂಡು ಹೋಗಲೆಂದೇ ರೂಪಿಸಿದುದು. ಇಬ್ಬರಿಗೆ ಮಾತ್ರ ಸ್ಥಳ. 1996ರಿಂದ 1999ರವರೆಗೆ 1,117 ಗಾಡಿಗಳನ್ನು ತಯಾರಿಸಿ, ಮಾರದೆ, ಬಾಡಿಗೆಗೆ ಕೊಟ್ಟರು. ಬಾಡಿಗೆದಾರರಲ್ಲಿ ಅನೇಕರು ಕೊಂಡುಕೊಳ್ಳುತ್ತೇವೆಂದು ಬೇಡಿದರೂ ಕಂಪನಿ ಒಪ್ಪಲಿಲ್ಲ; ಹಿಂದಕ್ಕೆ ಪಡೆದು ಬಹುಪಾಲನ್ನು ಜಜ್ಜಿಹಾಕಿತು. ಉಳಿದ ಕೆಲವು ಇಂತಹ ಸಂಗ್ರಹಾಲಯಗಳನ್ನು ಸೇರಿದುವು. ಗಾಡಿ ಲಾಭ ತರಲಿಲ್ಲವೆಂಬುದು ನಿಜವಿರಬಹುದು. ಆದರೂ ಮೆಚ್ಚಿದವರ ಕೈಯಿಂದ ಕಿತ್ತು ಪುಡಿಮಾಡುವುದು ವ್ಯಾಪಾರನೀತಿಯೆ? ನಮಗಂತೂ ಒಪ್ಪಿಗೆಯಾಗಲಿಲ್ಲ.

ಅಲ್ಲಿಂದ ಬಸ್ಸಿನಲ್ಲಿ ರೂಜ್ ಕಾರ್ಖಾನೆಗೆ ಕರೆದೊಯ್ಯುವರು. ಹಿಂದೆ ಕಬ್ಬಿಣದ ಅದಿರು ಒಂದು ಕಡೆಯಿಂದ ಒಳಹೊಕ್ಕು, ಸಿದ್ಧವಾದ ಗಾಡಿ ಇನ್ನೊಂದು ಕಡೆಯಿಂದ ಹೊರಬರುತ್ತಿದ್ದ ಸ್ಥಳವಿದು. ಎತ್ತರದ ಕಾಲುಹಾದಿಯಲ್ಲಿ ನಿಂತು, ಕೆಳಗೆ ‘ಎಫ್‌-150’ ಎಂಬ ಭಾರಿ ಟ್ರಕ್ಕುಗಳು ಜೋಡಣೆಯಾಗುವುದನ್ನು ನೋಡಿದೆವು. ಇದರ ವಿದ್ಯುತ್ ರೂಪವಾದ ‘ಲೈಟ್ನಿಂಗ್’ 2022ರಲ್ಲಿ ಇದೇ ಆವರಣದಿಂದ ಹೊರಟಿತು. ತೂಕ ಸುಮಾರು ಮೂರು ಟನ್. ಎಂಜಿನು ಇಲ್ಲದಿದ್ದರೂ ಎಂಜಿನಿಗಾಗಿ ಹುಟ್ಟಿದ ಆ ದಪ್ಪ ಮೂಗನ್ನು ಹಾಗೆಯೇ ಉಳಿಸಿದರು. ಒಳಗಿನ ಟೊಳ್ಳಿನಲ್ಲಿ ಸಾಮಾನು ಇಡಬಹುದು. ಉಪಯೋಗವಿಲ್ಲವೆನ್ನಲಾರೆವು. ಆದರೆ ಕುದುರೆ ಹೋದ ಮೇಲೂ ಲಾಯವನ್ನು ಹೊತ್ತು ತಿರುಗಿದ ಹಾಗೆ ನಮಗೆ ತೋರಿತು. ಭಾರಿ ಗಾಡಿಗೆ ಭಾರಿ ಬ್ಯಾಟರಿ, ಭಾರಿ ಬ್ಯಾಟರಿಗೆ ಭಾರಿ ಬೆಲೆ. ಹಿಂದೆ ಹೊರೆ ಕಟ್ಟಿ ಎಳೆದರೆ ಓಡುವ ದೂರವೂ ಬಹಳ ಕುಗ್ಗುವುದು. 2025ರ ಡಿಸೆಂಬರಿನಲ್ಲಿ ಕಂಪನಿಯು ಇದರ ತಯಾರಿಕೆಯನ್ನು ನಿಲ್ಲಿಸಿ, ಸಣ್ಣ ಮತ್ತು ಅಗ್ಗದ ವಿದ್ಯುತ್ ಗಾಡಿಗಳತ್ತ ತಿರುಗುವುದಾಗಿ ಪ್ರಕಟಿಸಿತು. ಕ್ಲಾರಾ ಅಮ್ಮನವರನ್ನು ಕೇಳಿದ್ದರೆ ಇದನ್ನು ಮೊದಲೇ ಹೇಳುತ್ತಿದ್ದರೇನೋ!

ಮರುದಿನ ಪಶ್ಚಿಮಕ್ಕೆ ಒಂದು ಗಂಟೆಗೂ ಕಡಮೆಯ ಹಾದಿಯಾದ ಆನ್ ಆರ್ಬರ್ ಎಂಬ ವಿದ್ಯಾನಗರಿಗೆ ಹೋದೆವು. ಬೆಂಗಳೂರಿನವರಿಗೆ ಈ ಊರಿನ ಋಣವೊಂದುಂಟು. ಇಲ್ಲಿನ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಕಟ್ಟಿದ ‘ಸನ್‌ರನ್ನರ್’ ಎಂಬ ಸೌರಗಾಡಿ 1990ರಲ್ಲಿ ಫ್ಲಾರಿಡಾದಿಂದ ಮಿಷಿಗನ್ನಿನವರೆಗಿನ ಪಂದ್ಯವನ್ನು ಗೆದ್ದು, ಆಸ್ಟ್ರೇಲಿಯಾದ ಪಂದ್ಯದಲ್ಲಿ ಮೂರನೆಯದಾಯಿತು. ಆ ತಂಡದಲ್ಲಿದ್ದ ಶ್ರೀ ಚೇತನ್ ಮೈನಿಯವರೇ ಮುಂದೆ ಬೆಂಗಳೂರಿನಲ್ಲಿ ‘ರೇವಾ’ ಗಾಡಿಯನ್ನು ನಿರ್ಮಿಸಿದರು. 2001ರಲ್ಲಿ ಅದು ಮಾರಾಟಕ್ಕೆ ಬಂತು. ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಮನೆಯ ಗೋಡೆಯ ಪ್ಲಗ್ಗಿನಿಂದಲೇ ಬ್ಯಾಟರಿ ತುಂಬುವುದು. ಒಮ್ಮೆ ತುಂಬಿದರೆ ಸುಮಾರು 80 ಕಿಲೋಮೀಟರು ಓಟ. ಲಂಡನ್ನಿನಲ್ಲಿ ‘ಜಿ-ವಿಜ್’ ಎಂಬ ಹೆಸರಿನಿಂದ ಓಡಾಡಿತು. ಆಟಿಕೆಯೆಂದು ಹಾಸ್ಯಮಾಡಿದವರೂ ಉಂಟು. ಅದರ ರೂಪದಲ್ಲಿ ಅಂದವಿತ್ತೆಂದು ನಾವೂ ವಾದಿಸೆವು. 2010ರಲ್ಲಿ ಕಂಪನಿಯ ಬಹುಪಾಲು ಮಹೀಂದ್ರರ ಕೈಸೇರಿತು. ರೇವಾ ಈಗ ತಯಾರಾಗುತ್ತಿಲ್ಲ. ಆದರೆ ಸಂತೆ, ಶಾಲೆ, ದೇವಸ್ಥಾನ, ನೆಂಟರ ಮನೆ ಎಂದು ದಿನಕ್ಕೆ ಹತ್ತಿಪ್ಪತ್ತು ಮೈಲಿ ಓಡಾಡುವ ನಮ್ಮ ಸಂಸಾರಗಳ ಲೆಕ್ಕವನ್ನು ಹಿಡಿದು ಗಾಡಿಯ ಅಳತೆಯನ್ನು ನಿಶ್ಚಯಿಸಿದವರು ಅವರಷ್ಟು ಮಂದಿ ಕಾಣೆವು.

ಆನ್ ಆರ್ಬರಿನ ವಿದ್ಯಾರ್ಥಿಗಳು ಇಂದಿಗೂ ಪಂದ್ಯಕ್ಕೆ ಹೊಸ ಹೊಸ ಸೌರಗಾಡಿಗಳನ್ನು ಕಟ್ಟುತ್ತಲೇ ಇದ್ದಾರೆ.