ಹದಿನಾರು ಅಡಿಯ ಮನೆ, ನಾಲ್ಕು ಅಡಿಯ ಮನೆ

ಆಷಾಢದಲ್ಲಿ ಮದುವೆ ಇಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ಸಾಗರದ ಸುತ್ತಮುತ್ತ ಸಿನಿಮಾ ಮಾಡಬೇಕೆಂದು ಹೊರಟ ನಮ್ಮಂಥವರಿಗೆ ಕ್ಯಾಮೆರಾ ಸಿಗುತ್ತಿದ್ದುದು ಮುಖ್ಯವಾಗಿ ಆ ತಿಂಗಳಲ್ಲೇ. ಊರಲ್ಲಿದ್ದ ವಿಎಚ್‌ಎಸ್ ಕ್ಯಾಮೆರಾಗಳೆಲ್ಲ ಮದುವೆ ವಿಡಿಯೋದವರವು. ಲಗ್ನದ ದಿನಗಳಲ್ಲಿ ಅವನ್ನು ಕೇಳುವಂತಿರಲಿಲ್ಲ. ಆಷಾಢ ಬಂತೆಂದರೆ ಅವು ಬೀರು ಸೇರುತ್ತಿದ್ದವು, ಲೆನ್ಸಿಗೆ ಬೂಷ್ಟು ಹಿಡಿಯದಿರಲಿ ಎಂದು ಒಳಗೊಂದು ಸಣ್ಣ ಬಲ್ಬು ಹಗಲೂ ರಾತ್ರಿ ಉರಿಯುತ್ತಿತ್ತು. ಪರಿಚಯದ ಹುಡುಗರಿಗೆ ಪುಡಿಗಾಸಿಗೇ ಬಾಡಿಗೆ ಕೊಡುತ್ತಿದ್ದರು. ಹೀಗಾಗಿ ಆ ಕಾಲದಲ್ಲಿ ನಾವು ಮಾಡಿದ ಕಿರುಚಿತ್ರಗಳಲ್ಲಿ ಹೆಚ್ಚಿನವು ಮಲೆನಾಡಿನ ಜಡಿಮಳೆಯ ನಡುವೆಯೇ ತೆಗೆದವು. ಕಥೆಗೆ ಮಳೆ ಬೇಕೋ ಬೇಡವೋ, ಮಳೆಯಂತೂ ಇರುತ್ತಿತ್ತು.

ನೋಡುವ ಕಣ್ಣಿಗೆ ಕೊರತೆ ಇರಲಿಲ್ಲ. ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ 1973ರಿಂದಲೇ ಇತ್ತು. ಸತ್ಯಜಿತ್ ರಾಯ್, ಕುರೊಸಾವಾ ಸಿನಿಮಾಗಳನ್ನು ಅಡಿಕೆ ಸುಲಿಯುವವರೂ ನೋಡಿದ್ದ ಸೀಮೆ ನಮ್ಮದು. ಕಥೆಯನ್ನೂ ಹುಡುಕಬೇಕಾಗಿರಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಊರುಗಳು ನೀರಿಗೆ ಹೋದವು. ಮುಳುಗಡೆಯಾಗಿ ಬಂದ ಮನೆಗಳವರು ನಮ್ಮ ನಡುವೆಯೇ ಇದ್ದರು. ಅವರ ಬಗ್ಗೆ ಸಿನಿಮಾ ಮಾಡಬೇಕು ಎಂದರೆ ಒಂದು ಶಾಟ್ ಬೇಕೇ ಬೇಕು: ನೀರು ಏರುತ್ತ ಬಂದು, ಮಣ್ಣಿನ ಗೋಡೆ ನೆನೆದು ಕುಸಿದು, ಹೆಂಚಿನ ಮಾಡು ಕೂತುಹೋಗುವುದು. ಅಂದು ಆ ಶಾಟ್ ನಮಗೆ ಆಗಲಿಲ್ಲ. ಈಚೆಗೆ ನನ್ನ ಅಕ್ಕನ ಮಗ ಮತ್ತು ಅವನ ಗೆಳೆಯರು ಅದನ್ನು ತೆಗೆದರು. ಅಂದಿನ ಉಪಾಯಗಳಲ್ಲಿ ಯಾವುದು ಸತ್ತಿತು, ಯಾವುದು ಉಳಿಯಿತು ಎಂದು ನಾನು ಕೂತು ಯೋಚಿಸಿದ್ದು ಆಮೇಲೆ.

ಮೊದಲು ಮಳೆಯ ಮಾತು. ಹೊರಗೆ ಧೋ ಎಂದು ಸುರಿಯುತ್ತಿದ್ದರೂ ಟೇಪ್ ಹಾಕಿ ನೋಡಿದರೆ ಟಿವಿಯಲ್ಲಿ ಮಳೆಯೇ ಕಾಣುತ್ತಿರಲಿಲ್ಲ, ಬರೀ ಮಬ್ಬು. ಹನಿ ಪಾರದರ್ಶಕ. ಅದು ಕಾಣಬೇಕಾದರೆ ಬೆಳಕು ಅದರ ಹಿಂದಿನಿಂದ ಬರಬೇಕು ಮತ್ತು ಹನಿಯ ಬೆನ್ನಿಗೆ ಕಪ್ಪು ಇರಬೇಕು. ಇದನ್ನು ಹೇಳಿಕೊಟ್ಟದ್ದು ಯಾವ ಪುಸ್ತಕವೂ ಅಲ್ಲ, ಕ್ಯಾಮೆರಾ ಬಾಡಿಗೆ ಕೊಡುತ್ತಿದ್ದ ಅಣ್ಣ. "ಲೈಟನ್ನ ಮಳೆ ಆಚೆ ಇಡ್ರೋ, ಈಚೆ ಇಟ್ರೆ ಗೋಡೆ ಕಾಣ್ತದೆ ಅಷ್ಟೆ" ಎಂದಿದ್ದರು. ಆಚೆ ಇಡುವುದು ಸುಲಭವಿರಲಿಲ್ಲ. ಮದುವೆಯವರು ಬಳಸುತ್ತಿದ್ದ ಸನ್‌ಗನ್ 1000 ವ್ಯಾಟಿನ ಹ್ಯಾಲೊಜೆನ್. ಕಾದ ಗಾಜಿಗೆ ಒಂದು ಹನಿ ಸೋಕಿದರೂ ಠಪ್ಪೆಂದು ಒಡೆಯುವಂಥದ್ದು. ಎದುರುಮನೆಯ ಸೂರಿನಡಿ ತಗಡು ಅಡ್ಡಕಟ್ಟಿ, ವೈರು ನೀರಿಗೆ ತಾಗದಂತೆ ಗಳುವಿನ ಮೇಲೆ ಎಳೆದು ಅದನ್ನು ನಿಲ್ಲಿಸಬೇಕಿತ್ತು. ಈಗಿನ ಹುಡುಗರು ಬ್ಯಾಟರಿಯ ಎಲ್‌ಇಡಿ ಪ್ಯಾನಲ್ಲಿಗೆ ಪಾಲಿಥೀನ್ ಚೀಲ ಹಾಕಿ ತೋಟದೊಳಗೆ ಎಲ್ಲಿ ಬೇಕೋ ಅಲ್ಲಿ ನಿಲ್ಲಿಸುತ್ತಾರೆ. ಕರೆಂಟು ಹೊಡೆದು ಯಾರಾದರೂ ಸಾಯುವ ಭಯ ಹೋಯಿತಲ್ಲ, ನನಗೆ ಈ ಮೂವತ್ತು ವರ್ಷದ ಬದಲಾವಣೆಯಲ್ಲಿ ಅದೇ ದೊಡ್ಡದು. ದೀಪ ಇಡುವ ಜಾಗ ಮಾತ್ರ ಹಳೆಯದೇ. ಮಳೆಯ ಆಚೆ.

ಮಾಯವಾಗುವ ಶಾಟ್ ಅಂದಿನ ನಮ್ಮ ದೊಡ್ಡ ಹೆಮ್ಮೆ. ಜಗಲಿಯಲ್ಲಿ ಕೂತ ಅಜ್ಜಿ ಕಣ್ಣೆದುರೇ ಇಲ್ಲವಾಗಬೇಕು. ಫ್ರಾನ್ಸಿನ ಜಾರ್ಜ್ ಮೆಲಿಯೆಸ್ 1896ರಲ್ಲೇ ಕುರ್ಚಿಯಲ್ಲಿ ಕೂತ ಹೆಂಗಸನ್ನು ಹೀಗೆ ಮಾಯಮಾಡಿ ತೋರಿಸಿದ್ದ. ಕ್ಯಾಮೆರಾ ನಿಲ್ಲಿಸು, ವ್ಯಕ್ತಿಯನ್ನು ಎಬ್ಬಿಸು, ಮತ್ತೆ ಓಡಿಸು, ಇಷ್ಟೇ ಉಪಾಯ. ವಿಎಚ್‌ಎಸ್‌ನಲ್ಲಿ ಇದಕ್ಕೆ ಬೇರೆಯೇ ಕಟ್ಟುಪಾಡುಗಳಿದ್ದವು. ಪಾಸ್ ಗುಂಡಿ ಒತ್ತಿದ ಕೂಡಲೇ ಯಂತ್ರ ಟೇಪನ್ನು ತುಸು ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು, ಮುಂದಿನ ಶಾಟ್ ಸೀಳಿಲ್ಲದೆ ಕೂಡಿಕೊಳ್ಳಲಿ ಎಂದು. ಅಂದರೆ ಕೊನೆಯ ಕ್ಷಣ ಅಳಿಸಿಹೋಗುತ್ತಿತ್ತು. ಹಾಗಾಗಿ ಅಜ್ಜಿಯ ಪಾತ್ರಧಾರಿ ಕಡೆಯ ಸನ್ನೆ ಮುಗಿಸಿದ ಮೇಲೂ ಒಂದು ಉಸಿರಿನಷ್ಟು ಹೊತ್ತು ಕಲ್ಲಿನಂತೆ ಕೂತಿರಬೇಕು. ಪಾಸ್ ಸುಮಾರು ಐದು ನಿಮಿಷ ದಾಟಿದರೆ ಟೇಪು ಸವೆಯದಿರಲೆಂದು ಯಂತ್ರ ತಾನೇ ನಿಂತುಬಿಡುತ್ತಿತ್ತು, ಮತ್ತೆ ಶುರುಮಾಡಿದ ಜಾಗದಲ್ಲಿ ಚಿತ್ರ ಜಿಗಿಯುತ್ತಿತ್ತು. ಆ ಐದು ನಿಮಿಷದೊಳಗೆ ಅಜ್ಜಿ ಏಳಬೇಕು, ಕಂಬಳಿಯ ಮಡಿಕೆ ಕದಲಬಾರದು, ಉಳಿದವರು ಎತ್ತಿದ ಕೈ ಇಳಿಸಬಾರದು, ಮೇಲೆ ಮೋಡವೂ ಬದಲಾಗಬಾರದು. ಈಗ ಹಾಗೇನಿಲ್ಲ. ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಎಕ್ಸ್‌ಪೋಷರ್ ಮತ್ತು ಫೋಕಸ್ ಲಾಕ್ ಮಾಡಿ, ನಿಲ್ಲಿಸದೆ ಓಡಿಸಿದರಾಯಿತು. ನಡುವಿನದ್ದನ್ನು ಆಮೇಲೆ ಕತ್ತರಿಸಬಹುದು, ಕದಲಿದ ಪರದೆಯಷ್ಟನ್ನೇ ಮಾಸ್ಕ್ ಹಾಕಿ ಸರಿಪಡಿಸಲೂಬಹುದು. ಹಳೆಯ ರೀತಿಗೆ ಮರಳುವ ಕಾರಣ ನನಗೆ ಒಂದೂ ಕಾಣುವುದಿಲ್ಲ.

ದ್ವಿಪಾತ್ರದ ಕಥೆಯೂ ಅದೇ. 1977ರ ಬಭ್ರುವಾಹನದಲ್ಲಿ ರಾಜ್‌ಕುಮಾರ್ ಅರ್ಜುನನೂ ಆಗಿ ಮಗನೂ ಆಗಿ ಎದುರುಬದುರು ನಿಂತದ್ದನ್ನು ನೋಡಿ ನಾವೂ ಆಸೆಪಟ್ಟಿದ್ದೆವು. ಫಿಲ್ಮಿನಲ್ಲಿ ಲೆನ್ಸಿನ ಅರ್ಧಕ್ಕೆ ಕಪ್ಪು ಮುಚ್ಚಿ, ತೆಗೆದ ಭಾಗವನ್ನು ಹಿಂದಕ್ಕೆ ಸುತ್ತಿ, ಇನ್ನರ್ಧ ತೆರೆದು ಮತ್ತೊಮ್ಮೆ ತೆಗೆಯಬಹುದು. ಮ್ಯಾಗ್ನೆಟಿಕ್ ಟೇಪಿನಲ್ಲಿ ಆಗದು. ಹೊಸ ಚಿತ್ರ ಬಿದ್ದ ಕಡೆ ಹಳೆಯದು ಪೂರ್ತಿ ಅಳಿಯುತ್ತದೆ. 1898ರಲ್ಲಿ ಮೆಲಿಯೆಸ್ ತನ್ನ ತಲೆಗಳನ್ನೇ ಕಿತ್ತು ಮೇಜಿನ ಮೇಲೆ ಸಾಲಾಗಿಟ್ಟದ್ದು ಕೂಡ ನಮ್ಮ ಯಂತ್ರಕ್ಕೆ ಎಟುಕುತ್ತಿರಲಿಲ್ಲ. ಹೊಸತೆಂದು ಬಂದದ್ದು ಹಳೆಯ ಒಂದು ದಾರಿಯನ್ನು ಮುಚ್ಚಿತ್ತು. ಎಡಿಟಿಂಗಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ವಿಸಿಆರ್ ಇಟ್ಟು ಒಂದರಿಂದ ಇನ್ನೊಂದಕ್ಕೆ ಇಳಿಸುವುದು, ಪ್ರತಿ ಇಳಿಕೆಗೂ ಬಣ್ಣ ಸೋರುವುದು. ಅದನ್ನು ಹಂಬಲಿಸುವವರು ಅದನ್ನು ಮಾಡಿದವರಾಗಿರಲಾರರು.

ಇಷ್ಟು ಹೇಳಿದ ಮೇಲೆ, ಉಳಿದುಕೊಂಡದ್ದನ್ನೂ ಹೇಳಬೇಕು.

ಪಕ್ಷಮಾಸದಲ್ಲೂ ಮದುವೆಗಳಿಲ್ಲ, ಅಷ್ಟು ಹೊತ್ತಿಗೆ ಮಳೆ ತುಸು ಬಿಟ್ಟು ಬಿಸಿಲೂ ಬರುತ್ತದೆ. ಆಗ ಅಡಿಕೆ ಅಟ್ಟದ ಕತ್ತಲಲ್ಲಿ ಒಂದು ಬೆಳಕಿನ ಕೋಲು ಬೀಳಿಸಬೇಕೆಂಬುದು ನಮ್ಮ ಹಟ. ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿ 1959ರ ಕಾಗಜ್ ಕೆ ಫೂಲ್‌ನಲ್ಲಿ ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ತಿರುಗಿಸಿ ಸ್ಟುಡಿಯೋದೊಳಕ್ಕೆ ತಂದದ್ದನ್ನು ಓದಿದ್ದೆವು. ನಮ್ಮಲ್ಲಿದ್ದುದು ಬೀರುವಿನ ಬಾಗಿಲಿನಿಂದ ಬಿಚ್ಚಿದ ಕನ್ನಡಿ. ಅಂಗಳದಲ್ಲಿ ಅದನ್ನು ಹಿಡಿದರೆ ಬಿಸಿಲು ಅಟ್ಟದ ಕಿಂಡಿಯಿಂದ ಒಳಹೊಕ್ಕು ಎದುರು ಗೋಡೆಗೆ ಬೀಳುತ್ತಿತ್ತು. ಆದರೆ ಕೋಲು ಕಾಣುತ್ತಿರಲಿಲ್ಲ, ಗೋಡೆಯ ಮೇಲಿನ ಚೌಕ ಮಾತ್ರ. ಬೆಳಕಿನ ದಾರಿ ಕಾಣಲು ಗಾಳಿಯಲ್ಲಿ ಏನಾದರೂ ಇರಬೇಕು. ಕೆಂಡಕ್ಕೆ ಲೋಬಾನ ಹಾಕಿ ಹೊಗೆ ಎಬ್ಬಿಸಿ, ಕಿಟಕಿ ಮುಚ್ಚಿ, ಹೊಗೆ ಸುರುಳಿ ಬಿಟ್ಟು ಒಂದೇ ಸಮನೆ ಹರಡುವವರೆಗೆ ಕಾದರೆ ಕೋಲು ನಿಲ್ಲುತ್ತದೆ. ಇನ್ನೊಂದು ಕಷ್ಟವೆಂದರೆ ಸೂರ್ಯ ನಿಲ್ಲುವುದಿಲ್ಲ. ಗಂಟೆಗೆ 15 ಡಿಗ್ರಿ ಜರುಗುತ್ತಾನೆ. ಕನ್ನಡಿಯಿಂದ ಹತ್ತು ಮೀಟರ್ ಆಚೆಯ ಗೋಡೆಯ ಮೇಲೆ ಅದು ನಿಮಿಷಕ್ಕೆ ನಾಲ್ಕು ಸೆಂಟಿಮೀಟರಿಗೂ ಹೆಚ್ಚು. ಎರಡು ಟೇಕ್ ಆಗುವುದರೊಳಗೆ ಬೆಳಕು ಮುಖ ಬಿಟ್ಟು ಕಿವಿಗೆ ಹೋಗಿರುತ್ತಿತ್ತು. ಕನ್ನಡಿ ಹಿಡಿದ ಹುಡುಗ ಗೋಡೆಗೆ ಬಳಪದಲ್ಲಿ ಹಾಕಿದ ಗುರುತು ನೋಡುತ್ತ ಟೇಕಿನ ನಡುವೆ ಕೂದಲೆಳೆಯಷ್ಟು ತಿರುಗಿಸುತ್ತಿರಬೇಕು.

ಇದನ್ನು ಈಗ ಕಂಪ್ಯೂಟರಿನಲ್ಲಿ ಹಾಕಬಹುದು, ಹಾಕುತ್ತಾರೆ ಕೂಡ. ನೋಡಿದ್ದೇನೆ. ಕೋಲು ಚೆನ್ನಾಗಿಯೇ ಇರುತ್ತದೆ, ಆದರೆ ಆ ಬೆಳಕು ಪಾತ್ರದ ಕೆನ್ನೆಗೆ ತಾಗಿರುವುದಿಲ್ಲ, ಗೋಣಿಚೀಲದ ನಾರನ್ನು ಬೆಳಗಿರುವುದಿಲ್ಲ, ನಟಿ ಅದರೊಳಕ್ಕೆ ಕಾಲಿಟ್ಟಾಗ ಕಣ್ಣು ಕಿರಿದಾಗಿರುವುದಿಲ್ಲ. ಇಲ್ಲಿ ನನ್ನ ಪಕ್ಷ ಸ್ಪಷ್ಟ. ಕಾಸಿಲ್ಲದವರು ಕನ್ನಡಿಯನ್ನೇ ಹಿಡಿಯಲಿ.

ಬಿಳಿ ಬಟ್ಟೆಯದೂ ಹೀಗೆಯೇ. ರಾಯ್ ಅವರ ಛಾಯಾಗ್ರಾಹಕ ಸುಬ್ರತಾ ಮಿತ್ರ 1956ರ ಅಪರಾಜಿತೋಗೆ ಕಾಶಿಯ ಮನೆಯ ಅಂಗಳವನ್ನು ಸ್ಟುಡಿಯೋದಲ್ಲಿ ಕಟ್ಟಿದಾಗ ಮೇಲೆ ಬಿಳಿ ಬಟ್ಟೆ ಎಳೆದು, ದೀಪಗಳನ್ನು ಅದಕ್ಕೆ ಹೊಡೆದು, ಅಲ್ಲಿಂದ ಮರಳಿದ ಮೆದು ಬೆಳಕಿನಲ್ಲಿ ತೆಗೆದರು. ನಾವು ಮದುವೆಯ ಪಂಚೆ ಕಟ್ಟುತ್ತಿದ್ದೆವು, ಈಗಿನವರು ಥರ್ಮಾಕೋಲ್ ಹಾಳೆ ಹಿಡಿಯುತ್ತಾರೆ. ಟ್ಯೂಬ್‌ಲೈಟಿನ ವಿಷಯದಲ್ಲಿ ಮಾತ್ರ ಹಳೆಯ ಕ್ಯಾಮೆರಾ ವಾಸಿ. ನಮ್ಮ ಕರೆಂಟು 50 ಹರ್ಟ್ಸ್, ಅಂದಿನ ಪಾಲ್ ಕ್ಯಾಮೆರಾ ಸೆಕೆಂಡಿಗೆ 25 ಫ್ರೇಮ್. ಎರಡಕ್ಕೂ ಹೊಂದಾಣಿಕೆ ಇತ್ತು. ಫೋನು ಸಾಮಾನ್ಯವಾಗಿ 30ರಲ್ಲಿ ಓಡುತ್ತದೆ, ಗೋಡೆಯ ಮೇಲೆ ಪಟ್ಟೆಗಳು ಹರಿದಾಡತೊಡಗುತ್ತವೆ. ಫ್ರೇಮನ್ನು 25ಕ್ಕೂ ಶಟರನ್ನು ಸೆಕೆಂಡಿನ ಐವತ್ತನೇ ಒಂದು ಭಾಗಕ್ಕೂ ಇಟ್ಟರೆ ಹೋಗುತ್ತದೆ. ಅಗ್ಗದ ಎಲ್‌ಇಡಿಗೂ ಇದೇ ಮದ್ದು ಬಹಳ ಸಲ ನಡೆಯುತ್ತದೆ.

ಹಗಲಲ್ಲಿ ರಾತ್ರಿ ತೆಗೆಯುವುದು ಎರಡು ಕಾಲಕ್ಕೂ ಸಲ್ಲುವ ವಿದ್ಯೆ. ವೈಟ್ ಬ್ಯಾಲೆನ್ಸನ್ನು ಬಲ್ಬಿನ ಬೆಳಕಿಗೆ ಇಟ್ಟು ಹೊರಗೆ ತೆಗೆದರೆ ಎಲ್ಲ ನೀಲಿ. ಐರಿಸನ್ನು ಎರಡು ಸ್ಟಾಪ್ ಇಳಿಸಿ, ಸೂರ್ಯನನ್ನು ಪಾತ್ರದ ಬೆನ್ನಿಗೆ ಹಾಕಿ, ಆಕಾಶ ಫ್ರೇಮಿಗೆ ಬರದಂತೆ ನೋಡಿಕೊಂಡರೆ ಬೆಳದಿಂಗಳು. ಈಗಿನ ಫೋನು ಕತ್ತಲಲ್ಲೂ ತಕ್ಕಮಟ್ಟಿಗೆ ಕಾಣುತ್ತದಾದರೂ ತೋಟದ ಆಳ ಕಾಣಬೇಕಾದರೆ ಹುಡುಗರು ಈ ದಾರಿಗೇ ಬರುತ್ತಾರೆ.

ಬೆಂಕಿಯ ವಿಷಯದಲ್ಲಿ ನನ್ನ ಮನಸ್ಸು ಪೂರ್ತಿ ಈ ಕಾಲದ ಕಡೆಗಿದೆ. ಯಕ್ಷಗಾನದಲ್ಲಿ ರಾಕ್ಷಸ ಬರುವಾಗ ಪಂಜಿಗೆ ರಾಳದ ಪುಡಿ ಎರಚುತ್ತಾರೆ, ಭಗ್ಗೆಂದು ಜ್ವಾಲೆ ಎದ್ದು ಆರುತ್ತದೆ. ಆ ಕೈಗೆ ವರ್ಷಗಳ ಪಳಗಿಕೆ ಇರುತ್ತದೆ, ಆಡುವುದೂ ಬಯಲಲ್ಲಿ. ನಾವು ಅದನ್ನು ನೋಡಿ ಕಲಿತು ಹುಲ್ಲುಗೊಣಬೆಯ ಹತ್ತಿರ ಮಾಡುತ್ತಿದ್ದೆವು. ಯಾರಾದರೂ ಕೇಳಿದರೆ ನಾನು ಇದನ್ನು ಹೇಳಿಕೊಡುವುದಿಲ್ಲ. ಕಿತ್ತಳೆ ಬಣ್ಣದ ಹಾಳೆ ಮುಚ್ಚಿದ ದೀಪವನ್ನು ಕೈಯಿಂದ ಅಲುಗಿಸಿ ಮುಖದ ಮೇಲೆ ಬೆಳಕು ಕುಣಿಸಿ, ಜ್ವಾಲೆಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸಿದರೆ ಸಾಕು.

ಇನ್ನು ಆ ಮನೆ. ಅಂದು ನಾವು ಯೋಚಿಸಿದ್ದೂ ಮಾದರಿಯನ್ನೇ. ಒಂದು ಅಡಿ ಎತ್ತರದ ಮಣ್ಣಿನ ಮನೆ ಮಾಡಿ ನೀರು ಬಿಟ್ಟೆವು. ಕುಸಿದದ್ದು ಆಟಿಕೆಯಂತೆ ಕಂಡಿತು. ಕಾರಣ ಮಣ್ಣಿನಲ್ಲಿರಲಿಲ್ಲ, ಕಾಲದಲ್ಲಿತ್ತು. ವಸ್ತು ಬೀಳಲು ಹಿಡಿಯುವ ಹೊತ್ತು ಎತ್ತರದ ವರ್ಗಮೂಲವನ್ನು ಅನುಸರಿಸುತ್ತದೆ. 16 ಅಡಿ ಮೇಲಿನಿಂದ ಜಾರಿದ ಹೆಂಚು ನೆಲ ಮುಟ್ಟಲು ಒಂದು ಸೆಕೆಂಡ್ ಬೇಕು, 4 ಅಡಿಯಿಂದಾದರೆ ಅರ್ಧ, ಒಂದು ಅಡಿಯಿಂದಾದರೆ ಕಾಲು ಸೆಕೆಂಡ್. ಕಣ್ಣಿಗೆ ಈ ಲೆಕ್ಕ ಯಾರೂ ಕಲಿಸದೆಯೇ ಗೊತ್ತು. ಮಾದರಿ ಎಷ್ಟು ಚಿಕ್ಕದೋ ಅದರ ವರ್ಗಮೂಲದಷ್ಟು ಪಟ್ಟು ವೇಗವಾಗಿ ಕ್ಯಾಮೆರಾ ಓಡಬೇಕು. ಕಾಲುಭಾಗದ ಮಾದರಿಗೆ ಎರಡು ಪಟ್ಟು, ಹದಿನಾರನೇ ಒಂದು ಭಾಗಕ್ಕೆ ನಾಲ್ಕು ಪಟ್ಟು. ನಮ್ಮ ಯಂತ್ರ 25ಕ್ಕಿಂತ ಹೆಚ್ಚು ಫ್ರೇಮ್ ಕೊಡುತ್ತಿರಲಿಲ್ಲ. ಹಾಗಾಗಿ ಮನೆ ಬೀಳುವುದನ್ನು ಬಿಟ್ಟು, ಹೊಸ್ತಿಲ ಮೇಲೆ ಮಣೆಯೊಂದು ತೇಲಿಬರುವುದನ್ನು ತೆಗೆದು, ಗೋಡೆ ಕುಸಿಯುವ ಸದ್ದು ಹಾಕಿದೆವು. ನೋಡಿದವರು ಮೆಚ್ಚಿದರು, ಅದು ಸೂಚ್ಯವಾಗಿದೆ ಎಂದರು. ನಮಗೆ ಬೇಕಿದ್ದುದು ಸೂಚನೆಯಲ್ಲ, ಮನೆ ಬೀಳುವುದು ಕಾಣಬೇಕಿತ್ತು.

ಅಕ್ಕನ ಮಗ ಕೇಳಿದ, "ಮಾವ, ಒಂದಡೀದೇ ಸಾಕಾ?" ಫೋನಿನಲ್ಲಿ 120, 240 ಫ್ರೇಮ್ ಇರುವಾಗ ಸಾಕೆನ್ನಿಸಬಹುದು. ಆದರೆ ನೀರಿನ ಹನಿ ಮಾದರಿಯ ಜೊತೆ ಚಿಕ್ಕದಾಗುವುದಿಲ್ಲ. ಒಂದು ಅಡಿಯ ಮನೆಯ ಮುಂದೆ ಹನಿಯೊಂದು ತೆಂಗಿನಕಾಯಿಯಷ್ಟು ಕಾಣುತ್ತದೆ. ಆದ್ದರಿಂದ ಅವರು 4 ಅಡಿ ಎತ್ತರಕ್ಕೆ, ಮುಂಭಾಗವನ್ನಷ್ಟೇ ಕಟ್ಟಿದರು. ಗೋಡೆಗೆ ಕೆಮ್ಮಣ್ಣು ಮತ್ತು ಮರಳು, ಸಿಮೆಂಟಿನ ಸೋಂಕಿಲ್ಲ. ಹೆಂಚುಗಳನ್ನು ನಾಲ್ಕು ಇಂಚಿನ ಅಚ್ಚಿನಲ್ಲಿ ಒತ್ತಿ ಕುಂಬಾರರ ಆವಿಗೆಯಲ್ಲಿ ಸುಡಿಸಿದರು. ಥರ್ಮಾಕೋಲ್ ಆಗಿದ್ದರೆ ನೀರು ಮುಟ್ಟಿದೊಡನೆ ತೇಲಿ ಗುಟ್ಟು ರಟ್ಟಾಗುತ್ತಿತ್ತು. ತೋಟದ ಕೃಷಿಹೊಂಡದಲ್ಲಿ ಮನೆ ನಿಲ್ಲಿಸಿ, ಪಂಪಿನಿಂದ ನೀರು ಬಿಟ್ಟು, ಅಲೆಗಳು ಸಣ್ಣದಾಗಿ ಒಡೆಯಲೆಂದು ನೊರೆ ಬರದಷ್ಟು ಸೋಪಿನ ನೀರು ಬೆರೆಸಿದರು. ನಿಂತ ಮನುಷ್ಯನ ಕಣ್ಣು 5 ಅಡಿಯಲ್ಲಿದ್ದರೆ ಈ ಲೋಕದಲ್ಲಿ ಅದು 15 ಇಂಚು. ಫೋನಿನ ಲೆನ್ಸ್ ಅಷ್ಟೇ ಎತ್ತರದಲ್ಲಿ. 60 ಫ್ರೇಮಿನಲ್ಲಿ ತೆಗೆದು 25ರಲ್ಲಿ ಆಡಿಸಿದರು. ಮತ್ತೊಮ್ಮೆ ತೆಗೆಯುವಂತಿರಲಿಲ್ಲವಾದ್ದರಿಂದ ಗುಂಪಿನಲ್ಲಿದ್ದ ಫೋನುಗಳನ್ನೆಲ್ಲ ಬೇರೆ ಬೇರೆ ಕಡೆ ಓಡಿಸಿದ್ದರು.

ಗೋಡೆಯ ಬುಡ ಮೊದಲು ಬಣ್ಣ ಬದಲಿಸಿತು, ಆಮೇಲೆ ಬಾಗಿಲ ಚೌಕಟ್ಟು ಓರೆಯಾಯಿತು, ಮಾಡಿನ ಒಂದು ಮೂಲೆ ಕೆಳಗಿಳಿದು ಹೆಂಚುಗಳು ಸಾಲುಸಾಲಾಗಿ ಜಾರಿದವು. ತೂಕ ಇತ್ತು. ನಮ್ಮ ಮಣೆಗಿಂತ ಇದು ಮೇಲು, ಅನುಮಾನವೇ ಇಲ್ಲ. ಮುಳುಗಡೆಯಿಂದ ಬಂದ ಹಿರಿಯರೊಬ್ಬರಿಗೆ ತೋರಿಸಿದಾಗ ಅವರು ನೋಡಿ, ನೀರು ಇಷ್ಟು ತಿಳಿಯಾಗಿರಲಿಲ್ಲ, ಕೆಸರಾಗಿತ್ತು, ದರಗು ತೇಲುತ್ತಿತ್ತು ಎಂದರು. ಹುಡುಗರು ಅದನ್ನು ಬರೆದುಕೊಂಡಿದ್ದಾರೆ.

ಮುಂದಿನ ಬೇಸಿಗೆಗೆ ಅವರು ಇನ್ನೊಂದು ಮನೆ ಕಟ್ಟಲಿದ್ದಾರೆ. ಹಿನ್ನೀರು ತೀರ ಇಳಿದರೆ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೇಳುತ್ತದೆ. ಅದರೆದುರಿನ ಬಯಲಿನಲ್ಲಿ ಮಾದರಿಯನ್ನು ಕ್ಯಾಮೆರಾದ ಹತ್ತಿರ ಇಟ್ಟು, ದೂರದ ದಡದ ಮೇಲೆಯೇ ಮನೆ ನಿಂತಂತೆ ಒಂದೇ ಫ್ರೇಮಿನಲ್ಲಿ ಹೊಂದಿಸುವ ಯೋಚನೆ. ಫೋನಿನ ಸೆನ್ಸಾರ್ ಚಿಕ್ಕದಾದ್ದರಿಂದ ಹತ್ತಿರದ ಹೆಂಚೂ ದೂರದ ದಡವೂ ಒಟ್ಟಿಗೆ ಸ್ಫುಟವಾಗಿ ನಿಲ್ಲುತ್ತವೆ. ಎಲ್ಲರೂ ದೂರುವ ಆ ಗುಣ ಇಲ್ಲಿ ಉಪಕಾರಕ್ಕೆ ಬರುತ್ತದೆ. ಬಿಸಿಲು ಮಾತ್ರ ಮಾದರಿಗೂ ದಡಕ್ಕೂ ಒಂದೇ ಕಡೆಯಿಂದ ಬೀಳಬೇಕು, ನೆರಳು ಉದ್ದವಿರಬೇಕು. ಬೆಳಿಗ್ಗೆ ಎಂಟರೊಳಗೆ ಮುಗಿಸಿ ಎಂದಿದ್ದೇನೆ, ಬಳಪ ಮತ್ತು ಕನ್ನಡಿ ತರಲೂ ಹೇಳಿದ್ದೇನೆ.