ನಮ್ಮನೆ ಕಥೆ – 7: ಪಿನ್ನು, ರೂಟರ್ರು, ಅಕ್ಕ

ಹೋದ ತಿಂಗಳು ನಮ್ಮನೆ ವೈಫೈ ಹಾಳಾಗಿದ್ದು ಕರೆಂಟ್ ಹೋಗಿದ್ದಕ್ಕಲ್ಲ. ನನ್ನಿಂದ.

ನೆಟ್ ಸ್ಲೋ ಇತ್ತು. ರೂಟರ್ ಹಿಂದಿನ ಸಣ್ಣ ತೂತಿಗೆ ಪಿನ್ ಹಾಕಿ ಒತ್ತಿ ಹಿಡಿದೆ. ಬರೀ ಆಫ್ ಆಗಿ ಆನ್ ಆಗುತ್ತೆ ಅಂದ್ಕೊಂಡಿದ್ದೆ. ಆಗಿದ್ದು ಫ್ಯಾಕ್ಟರಿ ರೀಸೆಟ್, ಎಲ್ಲಾ ಸೆಟ್ಟಿಂಗೂ ಅಳಿಸಿಹೋಯ್ತು. ಇನ್ನು ಅರ್ಧ ಗಂಟೆಗೆ ಅಕ್ಕನ ಆನ್‌ಲೈನ್ ಇಂಟರ್‌ವ್ಯೂ. ನಮ್ಮನೆ ಒಳಗೆ ಮೊಬೈಲ್ ಸಿಗ್ನಲ್ ಬರಲ್ಲ.

"ಕರೆಂಟ್ ಹೋಗಿ ಬಂತಲ್ಲ, ಅದಕ್ಕೇ ಇರ್ಬೇಕು" ಅಂದೆ.

ರೂಟರ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಹಳೇ ವೈಫೈ ಹೆಸರು, ಪಾಸ್‌ವರ್ಡ್ ಇತ್ತು. ಕನೆಕ್ಟ್ ಮಾಡಿ ಬ್ರೌಸರ್‌ನಲ್ಲಿ 192.168.1.1 ಹೊಡೆದೆ. ನೆಟ್ ಇಲ್ದಿದ್ರೂ ಆ ಪೇಜ್ ತೆರೆಯುತ್ತೆ, ಅದು ಇರೋದು ರೂಟರ್ ಒಳಗೇ. ವ್ಯಾನ್ ಸೆಟ್ಟಿಂಗ್‌ಗೆ ಹೋಗಿ ಪಿಪಿಪಿಒಇ ಆರಿಸಿದೆ. ಯೂಸರ್‌ನೇಮ್, ಪಾಸ್‌ವರ್ಡ್ ಕೇಳ್ತು. ಇದು ವೈಫೈದಲ್ಲ, ನೆಟ್ ಕಂಪನಿ ಕೊಟ್ಟಿದ್ದು. ಕಸ್ಟಮರ್ ಕೇರ್ ಫೋನ್ ಎತ್ಲಿಲ್ಲ.

ಅಪ್ಪ ಗ್ಯಾಸ್ ಬುಕ್ ತಂದ್ರು. ಕೊನೇ ಪುಟದಲ್ಲಿ ಎರಡನ್ನೂ ನೀಟಾಗಿ ಬರೆದಿಟ್ಟಿದ್ರು. "ಈಗ್ಲೂ ಯಾರಪ್ಪಾ ಬರ್ಕೋತಾರೆ" ಅಂತ ನಾನು ನಕ್ಕಿದ್ದ ಅದೇ ಪುಟ. ಹಾಕಿ ಸೇವ್ ಕೊಟ್ಟೆ. ಹಸಿರು ಲೈಟ್ ಬಂತು.

ಅಕ್ಕ ಹತ್ತು ನಿಮಿಷ ಲೇಟಾಗಿ ಸೇರಿದ್ಲು. ಕೆಲಸ ಸಿಗ್ಲಿಲ್ಲ. ಲೇಟಾಗಿದ್ದಕ್ಕೇ ಅಂತ ಯಾರೂ ಹೇಳಿಲ್ಲ. ಆದ್ರೂ ಅವಳು "ಥ್ಯಾಂಕ್ಸ್ ಕಣೋ, ನೀನಿಲ್ದಿದ್ರೆ ಅಷ್ಟೂ ಆಗ್ತಿರ್ಲಿಲ್ಲ" ಅಂದಾಗ ಗಂಟಲು ಕಟ್ಟಿತು.

ಅಕ್ಕಾ, ನೀನು ಇದನ್ನ ಓದ್ತೀಯ ಅಂತ ಗೊತ್ತು. ಸಾರಿ ಕಣೇ.

ನೀವೆಲ್ಲಾ ಇವತ್ತೇ ಆ ಎರಡನ್ನೂ ಒಂದು ಕಡೆ ಬರೆದಿಡಿ. ಸ್ಟೋರಿಗೆ ಮಾತ್ರ ಹಾಕ್ಬೇಡಿ 😅

#ನಮ್ಮನೆಕಥೆ