ಹತ್ತೊಂಬತ್ತನೇ ಗೇಟು

2024ರ ಆಗಸ್ಟ್ 10, ಶನಿವಾರ. ರಾತ್ರಿ ಹನ್ನೊಂದರ ಸುಮಾರಿಗೆ ಹೊಸಪೇಟೆ ಬಳಿಯ ತುಂಗಭದ್ರಾ ಅಣೆಕಟ್ಟೆಯ ಮೇಲೆ ಒಂದು ಸರಪಳಿ ಹರಿಯಿತು. ಮರುಕ್ಷಣ 19ನೇ ಗೇಟು ಇದ್ದ ಜಾಗದಲ್ಲಿ ಗೇಟೇ ಇಲ್ಲ! 60 ಅಡಿ ಅಗಲ, 20 ಅಡಿ ಎತ್ತರದ ಉಕ್ಕಿನ ಬಾಗಿಲನ್ನು ಹೊಳೆ ಕೊಚ್ಚಿ ಒಯ್ದಿತ್ತು. ತೆರೆದ ಬಾಯಿಂದ 35 ಸಾವಿರ ಕ್ಯೂಸೆಕ್ ನೀರು ಕತ್ತಲೊಳಗೆ ಭೋರ್ಗರೆದು ಧುಮುಕತೊಡಗಿತು.

ಸುದ್ದಿ ಎಡದಂಡೆ ಕಾಲುವೆಗುಂಟ ನೀರಿಗಿಂತ ಮುಂಚೆ ಸಿಂಧನೂರು ಮುಟ್ಟಿತು. ಬೆಳಗಾಗುವುದರೊಳಗೆ ಮೊಬೈಲಿನಿಂದ ಮೊಬೈಲಿಗೆ ಅದೇ ವಿಡಿಯೊ, ಚಹಾ ಅಂಗಡಿಯಲ್ಲಿ ಅದೇ ಮಾತು. ಗದ್ದೆಗಳಲ್ಲಿ ಆಗ ನಾಟಿಯ ಭರ. ಸಾಲ ತಂದು ಗೊಬ್ಬರ ಹಾಕಿಯಾಗಿದೆ, ಟ್ರ್ಯಾಕ್ಟರ್ ಬಾಡಿಗೆ ಕೊಟ್ಟಾಗಿದೆ, ಮಡಿಯಲ್ಲಿ ಸಸಿ ಎದ್ದು ನಿಂತಿದೆ. ನಾಟಿ ಹಚ್ಚಿದರೆ ನವೆಂಬರ್‌ವರೆಗೆ ನೀರು ಬೇಕು. ಹಚ್ಚದೆ ಬಿಟ್ಟರೆ ಸಸಿ ಬಲಿತು ಕೆಡುತ್ತದೆ. ಹಚ್ಚಬೇಕೋ, ಬಿಡಬೇಕೋ? ಹೇಳುವವರು ಯಾರೂ ಇಲ್ಲ.

ಪಕ್ಕದ ಮಸ್ಕಿಯದು ಇನ್ನೊಂದು ಸಂಕಟ. ಲಿಂಗಸುಗೂರು, ಸಿಂಧನೂರು, ಮಾನ್ವಿಗಳಿಂದ ಹಳ್ಳಿಗಳನ್ನು ಕಿತ್ತು ಕಟ್ಟಿದ ತಾಲೂಕು ಅದು. ಪಾಮನಕಲ್ಲೂರಿನ ಕಡೆಯವರು ಕೃಷ್ಣೆಯ 5ಎ ಕಾಲುವೆಗಾಗಿ ಧರಣಿ ಕೂತು ದಣಿದವರು. ತುಂಗಭದ್ರೆಯ ಕಾಲುವೆ ಮುಟ್ಟುವ ಹಳ್ಳಿಗಳೋ ಟೇಲ್ ಎಂಡ್ ಗೋಳನ್ನು ಬಲ್ಲವು. ತುಂಬಿದ ವರ್ಷದಲ್ಲೇ ಕೊನೆಯ ಹೊಲಕ್ಕೆ ನೀರು ತಡವರಿಸಿ ಬರುತ್ತದೆ. ಡ್ಯಾಮೇ ಬರಿದಾದರೆ ಕೇಳುವವರಾರು? ಕೃಷ್ಣೆಯ ನಾರಾಯಣಪುರ ಡ್ಯಾಮಿನ ನೀರು ನೆಚ್ಚಿದ ಲಿಂಗಸುಗೂರಿನವರಿಗೂ ಎದೆ ಝಲ್ಲೆಂದಿತು. ಇವತ್ತು ತುಂಗಭದ್ರೆ, ನಾಳೆ ಕೃಷ್ಣೆಯಾದರೆ?

ಅಣೆಕಟ್ಟೆಯ ಮೇಲೆ ಲೆಕ್ಕ ಕ್ರೂರವಾಗಿತ್ತು. ಜಲಾಶಯ ತುಂಬಿ ನಿಂತಿತ್ತು, 105 ಟಿಎಂಸಿ. ಎಪ್ಪತ್ತು ವರ್ಷದ ಹಳೆಯ ಕಟ್ಟೆ. ಒಟ್ಟು 33 ಗೇಟು. ಒಂದು ಹೋಯಿತು; ಉಳಿದವುಗಳ ಸರಪಳಿಯೂ ಅದೇ ವಯಸ್ಸಿನದು. ಅವುಗಳ ಮೇಲಿನ ಒತ್ತಡ ಇಳಿಸಲೆಂದು ಬೇರೆ ಗೇಟುಗಳನ್ನೂ ಎತ್ತಬೇಕಾಯಿತು. ಹೊಳೆಗೆ ಲಕ್ಷ ಕ್ಯೂಸೆಕ್! ರೈತ ಕಾಯ್ದಿಟ್ಟ ನೀರನ್ನು ಕಣ್ಣೆದುರೇ ಹೊಳೆಗೆ ಚೆಲ್ಲಬೇಕು.

ಪುಸ್ತಕ ಹೇಳುವ ಹಾದಿ ಸರಳ. ಗೇಟಿನ ತಳಮಟ್ಟಕ್ಕೆ ನೀರು ಇಳಿಯುವವರೆಗೆ ಕಾಯಿರಿ, ಆಮೇಲೆ ಒಣ ಜಾಗದಲ್ಲಿ ನಿಂತು ಹೊಸ ಗೇಟು ಕೂರಿಸಿರಿ. ಯಾರ ಜೀವಕ್ಕೂ ಅಪಾಯವಿಲ್ಲ. ಆದರೆ ಅಷ್ಟರೊಳಗೆ 60 ಟಿಎಂಸಿ ನೀರು ಸಮುದ್ರದ ದಾರಿ ಹಿಡಿದಿರುತ್ತದೆ. ಅಂದರೆ ಸಿಂಧನೂರಿನ ಭತ್ತ ಸತ್ತಂತೆ.

ಆಗ ಬಂದವರು ಗೇಟು ತಜ್ಞ ಕನ್ನಯ್ಯ ನಾಯ್ಡು. ಹೊಸಪೇಟೆಯ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್‌ನಲ್ಲಿ ದುಡಿದು, ನಿವೃತ್ತರಾಗಿ ವರ್ಷಗಳೇ ಕಳೆದ ಹಿರಿಯರು. ಅವರು ಮುಂದಿಟ್ಟ ಹಾದಿಯನ್ನು ಈ ಕಟ್ಟೆಯ ಮೇಲೆ ಅದುವರೆಗೆ ಯಾರೂ ತುಳಿದಿರಲಿಲ್ಲ. ನೀರು ಹರಿಯುತ್ತಿರುವಾಗಲೇ ಬಾಯಿ ಮುಚ್ಚುವುದು! ಇಡೀ ಗೇಟನ್ನು ಒಂದೇ ಏಟಿಗೆ ಇಳಿಸಿದರೆ ಪ್ರವಾಹ ಅದನ್ನೂ ಒಯ್ದೀತು. ಅದಕ್ಕೇ ನಾಲ್ಕು ನಾಲ್ಕು ಅಡಿಯ ಐದು ಉಕ್ಕಿನ ತುಂಡು. ಒಂದರ ಮೇಲೊಂದು ಕೂರಿಸಿ ಗೋಡೆ ಎಬ್ಬಿಸುವುದು. ಇದಕ್ಕೆ ಸ್ಟಾಪ್‌ಲಾಗ್ ಎನ್ನುತ್ತಾರೆ.

ಹೊಸಪೇಟೆ ಸುತ್ತಲಿನ ಕಾರ್ಖಾನೆಗಳಲ್ಲಿ, ತೋರಣಗಲ್ಲಿನ ಜಿಂದಾಲ್‌ನಲ್ಲಿ ಹಗಲು ರಾತ್ರಿ ವೆಲ್ಡಿಂಗ್ ಕಿಡಿ ಹಾರಿತು. ಒಂದೊಂದು ಗಂಟೆಗೂ ಜಲಾಶಯದ ಮಟ್ಟ ಇಳಿಯುತ್ತಿದೆ. ಉಕ್ಕು ಕತ್ತರಿಸಿ, ಬೆಸೆದು, ಲಾರಿಗೇರಿಸಿ ಕಟ್ಟೆಗೆ ತಂದರು. ಕ್ರೇನ್ ಎತ್ತಿತು. ಕೆಳಗೆ ಪ್ರವಾಹದ ಆರ್ಭಟ. ಅಂಚು ಒಂದಿಷ್ಟು ಓರೆಯಾದರೂ 60 ಅಡಿಯ ತುಂಡು ಹಳೆಯ ಕಂಬಗಳಿಗೆ ಬಡಿಯಬಹುದು. ಬಡಿದರೆ ಪಕ್ಕದ ಗೇಟಿಗೂ ಕುತ್ತು.

ಮೊದಲ ಯತ್ನ ಕೈಗೂಡಲಿಲ್ಲ. ಮೇಲಿದ್ದ ಹಳೆಯ ಕಬ್ಬಿಣವೇ ಅಡ್ಡ ಬಂತು. ಅದನ್ನು ಕತ್ತರಿಸಿ ತೆಗೆದರು. ಮತ್ತೆ ಅಳತೆ, ಮತ್ತೆ ಕ್ರೇನ್. ಆಗಸ್ಟ್ 16ರ ರಾತ್ರಿ ಮೊದಲ ತುಂಡು ನೀರಿಗಿಳಿಯಿತು. ಅಲುಗಿತು. ತಡೆಯಿತು. ಕೂತಿತು! ಕಟ್ಟೆಯ ಮೇಲೆ ಜಯಕಾರ. ಮರುದಿನ ಉಳಿದ ತುಂಡುಗಳೂ ಒಂದೊಂದಾಗಿ ಕೂತವು. ಹೊಳೆಯ ಬಾಯಿ ಮುಚ್ಚಿತು.

ಜಲಾಶಯದಲ್ಲಿ 70 ಟಿಎಂಸಿಯಷ್ಟು ನೀರು ಉಳಿದಿತ್ತು. ಮಲೆನಾಡಿನ ಮಳೆಯೂ ಕೈಬಿಡಲಿಲ್ಲ. ಸೆಪ್ಟೆಂಬರ್‌ನಲ್ಲಿ ಡ್ಯಾಮ್ ಮತ್ತೆ ತುಂಬಿ ಬಂತು. ಎಡದಂಡೆಯ ಗದ್ದೆಗಳಲ್ಲಿ ತೆನೆ ತೂಗಿತು.

ಆ ವಾರದ ಸಾಹಸವನ್ನು ಕ್ರೇನಿನ ಕಥೆಯಾಗಿ ಮಾತ್ರ ಹೇಳಿದರೆ ಅರ್ಧ ಹೇಳಿದಂತೆ. ನೀರು ನಿಲ್ಲುತ್ತದೋ ಇಲ್ಲವೋ ತಿಳಿಯದ ಆ ದಿನಗಳಲ್ಲೇ ಸಸಿ ಕಿತ್ತು ನಾಟಿಗಿಳಿದವರದೂ ಅದೇ ಎದೆಗಾರಿಕೆ. ಎರಡೂ ಕಡೆ ಲೆಕ್ಕ ಒಂದೇ: ಕಾಯುವುದು ಸುರಕ್ಷಿತವೆಂದು ಕಂಡರೂ ಕಾದರೆ ನಷ್ಟ ಖಚಿತ, ಕೈಹಾಕಿದರೆ ಗೆಲುವು ಸಾಧ್ಯ, ಅಷ್ಟೆ. ಖಚಿತ ನಷ್ಟಕ್ಕಿಂತ ಅನುಮಾನದ ಗೆಲುವನ್ನು ಆರಿಸಿಕೊಳ್ಳಲು ಗಟ್ಟಿ ಗುಂಡಿಗೆ ಬೇಕು.

ಪರೀಕ್ಷೆ ಅಲ್ಲಿಗೇ ಮುಗಿಯಲಿಲ್ಲ. ಎಲ್ಲ 33 ಗೇಟುಗಳನ್ನೂ ಬದಲಿಸಲೆಂದು 2025-26ರ ಎರಡನೇ ಬೆಳೆಗೆ ಕಾಲುವೆ ನೀರಿಲ್ಲ ಎಂದಾಯಿತು. ವರ್ಷಕ್ಕೆರಡು ಭತ್ತ ಕಂಡ ನೆಲದಲ್ಲಿ ಒಂದು ಬೆಳೆ ಬಿಡುವುದೆಂದರೆ ಮಿಲ್ಲಿಗೂ ಕೂಲಿಗೂ ಹೊಡೆತ. ಎರೆಭೂಮಿಯ ಹಸಿಯನ್ನೇ ನಂಬಿ ಕಡಲೆ, ಜೋಳ ಬಿತ್ತುವುದು ಇಲ್ಲಿನ ಹಿರಿಯರು ಬಲ್ಲ ಬೇಸಾಯ. ಭತ್ತದಲ್ಲೇ ಬೆಳೆದ ಮಕ್ಕಳಿಗೆ ಅದೇ ಹೊಸ ಪ್ರಯೋಗ. ರೈತರ ಈ ಧೈರ್ಯಕ್ಕೆ ಸರ್ಕಾರ ಕೊಡಬೇಕಾದ ಪ್ರತಿಫಲ ಒಂದೇ: ಹೊಸ ಗೇಟುಗಳ ಸರಪಳಿಯನ್ನು ವರ್ಷ ವರ್ಷವೂ ತಪ್ಪದೆ ಪರೀಕ್ಷಿಸುವುದು. ನಡುರಾತ್ರಿಯ ಸಾಹಸ ಒಂದು ಸಲಕ್ಕೆ ಸಾಕು.